ಹೊರಗೆ ಕೂತ ವಾಮನ

ವಾಮನ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಗೋದಾಮಿನ ಚಹಾ ಬಿಡುವಿನಲ್ಲಿ, ಹೂರಾ ಬಡಾವಣೆಯ ತನ್ನ ಕೋಣೆಯಲ್ಲಿ, ಕೊನೆಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂಡ ಅವನು ನೆಲದ ಮೇಲೇ ಕೂರುತ್ತಿದ್ದ. ಗೋಡೆಗೆ ಒರಗುತ್ತಿರಲಿಲ್ಲ. ಮೊಣಕಾಲು ಎತ್ತಿಕೊಂಡು, ಅವುಗಳ ಸುತ್ತ ಕೈ ಹೆಣೆದು, ಹೆಸರು ಕೂಗಿದ ಕೂಡಲೇ ಎದ್ದು ಓಡಲಿರುವವನ ಹಾಗೆ ಮುಂದಕ್ಕೆ ಬಾಗಿರುತ್ತಿದ್ದ. ಅವನ ಒಂದು ತೊಡೆ ನನ್ನ ಸೊಂಟದಷ್ಟು ದಪ್ಪ. ಎಡಗಿವಿ ಕರಿದ ಹಪ್ಪಳದಂತೆ ಮುದುಡಿತ್ತು. ಅಂಥ ಆಳು ಅಷ್ಟು ಚಿಕ್ಕದಾಗಿ ಮಡಚಿಕೊಂಡು ಕೂರುವುದನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತಿತ್ತು.

ಕಬಡ್ಡಿಯಲ್ಲಿ ಔಟಾದವರು ಹಾಗೆ ಕೂರುತ್ತಾರೆ. ಅಂಕಣದ ಹಿಂಬದಿಯ ಗೆರೆಯಾಚೆ, ಔಟಾದ ಕ್ರಮದಲ್ಲೇ ಸಾಲಾಗಿ. ತಮ್ಮ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಸಾಲಿನ ಮೊದಲನೆಯವನಿಗೆ ಜೀವ ಬರುತ್ತದೆ. ಅವನು ಎದ್ದು ಒಳಗೆ ಹೋಗುತ್ತಾನೆ. ಹಿಂದಿನವನು ಒಂದು ಜಾಗ ಮುಂದೆ ಸರಿಯುತ್ತಾನೆ.

"ಸಾಯ್ಲಿಕ್ಕೂ ಕ್ಯೂ, ಬದುಕ್ಲಿಕ್ಕೂ ಕ್ಯೂ. ಇಂಥ ಆಟ ಬೇರೆ ಎಲ್ಲುಂಟು ಸಾರ್" ಎಂದು ವಾಮನ ಒಮ್ಮೆ ಹೇಳಿದ್ದ. ಹೇಳಿದ್ದು ಅವನೇ ಎಂದುಕೊಂಡಿದ್ದೇನೆ. ಅವನು ಹೋದ ಮೇಲೆ ಒಳ್ಳೆಯ ಮಾತುಗಳೆಲ್ಲ ಅವನ ಬಾಯಿಗೇ ಹೋಗಿ ಸೇರುತ್ತಿವೆ.

ನಾನು ದಾವಣಗೆರೆಯವನು. ಬಹರೈನಿನ ಹಿದ್ ಬಂದರಿನ ಬದಿಯ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಗೋದಾಮಿನಲ್ಲಿ ಏನಾದರೂ ಬಿದ್ದರೆ, ಯಾರಿಗಾದರೂ ತಾಗಿದರೆ, ಏನಾಯಿತು, ಹೇಗಾಯಿತು, ಯಾಕಾಯಿತು ಎಂದು ಬರೆದಿಡುವುದು ನನ್ನ ಕೆಲಸ. ಈ ಕೆಲಸ ನನಗೆ ಕಲಿಸಿದ್ದು ಒಂದೇ ಸಂಗತಿ: ಬಿದ್ದದ್ದನ್ನು ನೋಡಿದ ಮೂವರು ಮೂರು ರೀತಿ ಹೇಳುತ್ತಾರೆ, ಮತ್ತು ಪ್ರತಿಯೊಬ್ಬನ ನೆನಪೂ ಅವನನ್ನೇ ಉಳಿಸುವ ಕಡೆಗೆ ವಾಲಿರುತ್ತದೆ. ಕೆಳಗಿನದನ್ನು ಬರೆಯುವಾಗ ನಾನು ಆ ಮೂವರಲ್ಲಿ ಒಬ್ಬ.

ವಾಮನ ನಮ್ಮಲ್ಲಿಗೆ ಬರುವ ಮೊದಲೇ ಅವನ ಹನ್ನೊಂದು ಸೆಕೆಂಡುಗಳು ಬಂದಿದ್ದವು. ಕಂಪನಿಯ ಹುಡುಗರ ಫೋನುಗಳಲ್ಲೆಲ್ಲ ಆ ವಿಡಿಯೋ ಇತ್ತು. ಟೀವಿಯಲ್ಲಿ ಬರುವ ದೊಡ್ಡ ಲೀಗಿನ ಪಂದ್ಯ. ಉತ್ತರದ ಕಡೆಯ ದೈತ್ಯನಂಥ ರೇಡರ್ ಒಬ್ಬ ಅಂಕಣದೊಳಗೆ ಬಂದು ಬಲಗಾಲು ಚಾಚುತ್ತಾನೆ. ಎಡಗಡೆಯಿಂದ ವಾಮನ ಬರುತ್ತಾನೆ. ಹಿಡಿಯುವುದಿಲ್ಲ, ಬಾಚುವುದಿಲ್ಲ, ಇಡೀ ಮೈಯನ್ನು ಒಂದು ಬಾಗಿಲಿನ ಹಾಗೆ ಅವನ ಮೇಲೆ ಮುಚ್ಚುತ್ತಾನೆ. ರೇಡರ್ ನೆಲ ಬಿಟ್ಟು ಹಾರಿ ಜಾಹೀರಾತಿನ ಹಲಗೆಗೆ ಹೋಗಿ ಬೀಳುತ್ತಾನೆ. ಜನರ ಕೂಗಿಗೆ ಫೋನಿನ ಸ್ಪೀಕರ್ ಒಡೆಯುತ್ತದೆ. ಅಲ್ಲಿಗೆ ವಿಡಿಯೋ ಮುಗಿಯಿತು. ಹಾಗೆ ಗುದ್ದಿ ಹೊರಹಾಕುವುದಕ್ಕೆ ಡ್ಯಾಶ್ ಎನ್ನುತ್ತಾರೆ. ಅಂದಿನಿಂದ ಅವನು ಡ್ಯಾಶ್ ವಾಮನ.

ಪಡುಬಿದ್ರಿಯ ಆಚೆ ಕಡಲ ಬದಿಯ ಹುಡುಗ, ಮೀನು ಬುಟ್ಟಿ ಹೊರುತ್ತ ಭುಜ ಬೆಳೆಸಿಕೊಂಡವನು, ದಂಡೆಯ ಹೊಯಿಗೆಯಲ್ಲಿ ಆಡಿ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ಹರಾಜಿಗೆ ಬಂದು ಲೀಗ್ ಸೇರಿದ್ದ. ಎರಡು ಸೀಸನ್ ಅವನ ಮುಖ ಬಸ್ಸಿನ ಹಿಂದೆ ಇತ್ತಂತೆ. ಮೂರನೆಯದರಲ್ಲಿ ಬೆಂಚು. ನಾಲ್ಕನೆಯ ಹರಾಜಿನಲ್ಲಿ ಅವನ ಹೆಸರು ಕೂಗಿದಾಗ ಯಾರೂ ಕೈ ಎತ್ತಲಿಲ್ಲ. ಯಾಕೆ ಎಂದು ನಾನು ಕೇಳಿದಾಗ, "ಫಾರ್ಮ್ ಇರ್ಲಿಲ್ಲ ಸಾರ್, ಖಲ್ಲಿವಲ್ಲಿ" ಎಂದು ಕೈ ಕೊಡವಿದ್ದ. ಬಹರೈನಿಗೆ ಬಂದು ತಿಂಗಳೊಳಗೆ ಕಲಿತ ಮಾತು ಅದು. ಬಿಟ್ಟುಬಿಡಿ, ಹೋಗಲಿ ಎಂಬುದಕ್ಕೆ ಇಲ್ಲಿ ಎಲ್ಲರೂ ಹಾಗೆನ್ನುತ್ತೇವೆ.

ಅವನನ್ನು ಕರೆಸಿದ್ದು ನಮ್ಮ ಮಾಲೀಕರು. ಕುಂದಾಪುರದ ಕಡೆಯವರು, ಎಲ್ಲರ ಬಾಯಲ್ಲೂ ಧಣಿ. ಅವರಿಗೆ ಹಿದ್‌ನಲ್ಲಿ ಗೋದಾಮು, ಅದ್ಲಿಯಾದಲ್ಲಿ ಹೋಟೆಲು, ಮತ್ತು ಎರಡಕ್ಕಿಂತ ಪ್ರೀತಿಯ ಒಂದು ಕಬಡ್ಡಿ ತಂಡ. ಚಳಿಗಾಲದಲ್ಲಿ ನಮ್ಮ ಕರಾವಳಿಯವರ ಪಂದ್ಯಗಳು ನಡೆಯುತ್ತವೆ. ಶಾಲೆಯೊಂದರ ಒಳಾಂಗಣ ಬಾಡಿಗೆಗೆ ಹಿಡಿದು, ಮ್ಯಾಟ್ ಹಾಸಿ, ಹೆಂಗಸರು ಮಕ್ಕಳೆಲ್ಲ ಬಂದು, ಹೊರಗೆ ಕೋಳಿ ಸುಕ್ಕ, ನೀರುದೋಸೆ. ವಾಮನನ ವೀಸಾದಲ್ಲಿ ಇದ್ದದ್ದು ಸ್ಟೋರ್ ಹೆಲ್ಪರ್ ಎಂದು. ಅವನನ್ನು ತಂದದ್ದು ಆ ಮ್ಯಾಟಿಗೆ. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊದಲ ದಿನ ನಾನು ಅವನಿಗೆ ಹೆಲ್ಮೆಟ್ ಕೊಟ್ಟೆ. ಯಾವ ಅಳತೆಯದೂ ಕೂರಲಿಲ್ಲ. ಪಟ್ಟಿ ಪೂರ್ತಿ ಸಡಿಲಿಸಿದರೂ ಅದು ನೆತ್ತಿಯ ಮೇಲೆ ಮಗುವಿನ ಕುಲಾವಿಯಂತೆ ನಿಂತಿತು.

"ತಲೆಗೆ ಎಂಥಕ್ಕೆ ಸಾರ್? ಭುಜಕ್ಕೆ ಏನಾದ್ರೂ ಇದ್ರೆ ಕೊಡಿ. ಕೆಲಸ ಮಾಡುದು ಅದು."

"ಮೇಲಿಂದ ಪೆಟ್ಟಿಗೆ ಬಿದ್ರೆ ಏನ್ಮಾಡ್ತೀಯಪ್ಪಾ?"

"ಪೆಟ್ಟಿಗೆಗೆ ಪೆಟ್ಟಾದೀತು."

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ದೊಡ್ಡ ಅಳತೆಯ ಹೆಲ್ಮೆಟ್ ತರಿಸುತ್ತೇನೆ ಎಂದೆ. ತರಿಸಿದೆನೋ ಇಲ್ಲವೋ ನೆನಪಿಲ್ಲ. ತರಿಸಿದ್ದರೆ ನೆನಪಿರುತ್ತಿತ್ತು.

ಆಟದ ವಿಷಯಕ್ಕೆ ಬಂದರೆ ವಾಮನ ಮೇಷ್ಟ್ರಾಗಿಬಿಡುತ್ತಿದ್ದ. ಅವನ ಕೋಣೆಯ ಜೊತೆಗಾರ ರಫೀಕ್, ಸುರತ್ಕಲ್ಲಿನ ಬ್ಯಾರಿ ಹುಡುಗ, ಕಂಪನಿಯ ಡ್ರೈವರ್, ತಂಡದಲ್ಲಿ ಮೂಲೆಯ ಹಿಡಿತಗಾರ. ಇಬ್ಬರೂ ಗೋದಾಮಿನ ಹಿಂದೆ, ಕಂಟೇನರ್‌ಗಳ ನೆರಳಲ್ಲಿ, ಹೆಜ್ಜೆ ಅಳೆಯುತ್ತಿದ್ದರು.

"ಕಾಲು ನೋಡ್ಬೇಡ ರಫೀಕಾ, ಕಾಲು ಸುಳ್ಳು ಹೇಳ್ತದೆ. ಕಣ್ಣಂತೂ ನೋಡ್ಲೇಬೇಡ, ಅದು ಕಾಲಿಗಿಂತ ದೊಡ್ಡ ಕಳ್ಳ. ಸೊಂಟ ನೋಡು. ಸೊಂಟ ಹೋದ ಕಡೆಗೇ ಮನುಷ್ಯ ಹೋಗುದು."

"ಸೊಂಟ ನೋಡಿದ್ರೆ ಹೆಂಗಸ್ರು ಪೆಟ್ಟು ಕೊಡ್ತಾರೆ ವಾಮನಣ್ಣ."

"ಅದು ಬೇರೆ ಆಟ. ಅದನ್ನು ನಿಂಗೆ ಯಾರೂ ಕಲಿಸ್ಲಿಕ್ಕೆ ಆಗುದಿಲ್ಲ."

ಮೊದಲ ಚಳಿಗಾಲ ಅವನದೇ. ಮ್ಯಾಟಿಗೆ ಇಳಿಯುವ ಮುನ್ನ ಬಗ್ಗಿ ಗೆರೆ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ಎಡಗಡೆಯ ಕವರ್ ಜಾಗದಲ್ಲಿ ನಿಂತನೆಂದರೆ ಮುಂದಿನ ಸಾಲಿನ ಮಕ್ಕಳು ಕಾಲು ಹಿಂದೆಳೆದುಕೊಳ್ಳುತ್ತಿದ್ದರು, ರೇಡರ್‌ಗಳು ತಮ್ಮ ಮೇಲೇ ಬಂದು ಬೀಳುತ್ತಾರೆಂದು. ಇಂಗ್ಲಿಷಿನಲ್ಲೇ ಮಾತಾಡುವ ಆ ಮಕ್ಕಳು ಡ್ಯಾಶ್ ಅಂಕಲ್, ಡ್ಯಾಶ್ ಅಂಕಲ್ ಎಂದು ಅವನ ಭುಜ ಮುಟ್ಟಲು ಸಾಲು ನಿಲ್ಲುತ್ತಿದ್ದರು. ಗೆದ್ದ ಮೇಲೆ ಅದ್ಲಿಯಾದ ಹೋಟೆಲಿನಲ್ಲಿ ಊಟ. ಧಣಿ ತಮ್ಮ ಕೈಯಿಂದ ಬಡಿಸುತ್ತಿದ್ದರು. "ನಮ್ಮ ಗೋಡೆ ಇದು" ಎಂದು ಬಂದವರಿಗೆಲ್ಲ ವಾಮನನ ಬೆನ್ನು ತಟ್ಟಿ ತೋರಿಸುತ್ತಿದ್ದರು. ವಾಮನ ಆ ಹೊತ್ತಿಗೆ ಹೆಂಡತಿ ಮಮತಾಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಮೇಜಿನ ಸುತ್ತ ತಿರುಗಿಸಿ, ಮಗಳಿಗೆ ಒಂದೊಂದೇ ಪಾತ್ರೆಯನ್ನು ತೋರಿಸುತ್ತಿದ್ದ.

ಸೇಫ್ಟಿ ಆಫೀಸರ್ ಎಂದ ಮೇಲೆ ತಂಡದ ಪ್ರಥಮ ಚಿಕಿತ್ಸೆಯ ಚೀಲ ನನ್ನ ಕೈಗೆ ಬಂದದ್ದು ಸಹಜ. ಸ್ಪ್ರೇ, ಬ್ಯಾಂಡೇಜು, ಐಸು. ಜೊತೆಗೆ ಕಂಪನಿಯ ತರಬೇತಿಯಲ್ಲಿ ಕೊಟ್ಟ ಒಂದು ಕಾರ್ಡು. ತಲೆಗೆ ಪೆಟ್ಟು ಬಿದ್ದವನನ್ನು ಏನು ಕೇಳಬೇಕು ಎಂದು ಅದರಲ್ಲಿ ಇತ್ತು. ನಿನ್ನ ಹೆಸರೇನು, ಎಲ್ಲಿದ್ದೀಯ, ಇವತ್ತು ಏನು ವಾರ. ಮೂರಕ್ಕೂ ಸರಿಯಾಗಿ ಹೇಳಿದರೆ ಕಾಯಬಹುದು. ತಪ್ಪಿದರೆ ಆಸ್ಪತ್ರೆ.

ಮೊದಲ ಸಲ ವಾಮನ ಬಿದ್ದದ್ದು ಎರಡನೆಯ ಚಳಿಗಾಲದಲ್ಲಿ. ರೇಡರನ ಮೊಣಕಾಲು, ಇವನ ಕಿವಿಯ ಮೇಲ್ಭಾಗ. ತೆಂಗಿನಕಾಯಿ ಒಡೆದಂತೆ ಸದ್ದು. ನಾನು ಓಡಿಹೋಗಿ ಮಂಡಿಯೂರಿದೆ. ಕಣ್ಣು ತೆರೆದಿತ್ತು, ಆದರೆ ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು.

"ಹೆಸರೇನು?"

"ವಾಮನ."

"ಎಲ್ಲಿದ್ದೀಯ?"

"ಗ್ರೌಂಡಲ್ಲಿ."

"ಇವತ್ತು ಏನ್ ವಾರ?"

"ಶುಕ್ರವಾರ. ಮತ್ತೆ ಎಂಥ?"

ಧಣಿ ಮುಂದಿನ ಸಾಲಿನ ತಮ್ಮ ಸೋಫಾದಿಂದ ಎದ್ದು ನಿಂತಿದ್ದರು. "ಸೇಫ್ಟಿ ಎಂತ ಹೇಳ್ತ್?" ಎಂದು ಕೂಗಿದರು. ನಾನು ಹೆಬ್ಬೆರಳು ಎತ್ತಿದೆ. ಜನ ಚಪ್ಪಾಳೆ ತಟ್ಟಿದರು. ವಾಮನ ಎದ್ದ, ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡ, ಒಳಗೆ ಹೋದ.

ಪಂದ್ಯ ಮುಗಿದು ಎಲ್ಲರೂ ಹೊರಟ ಮೇಲೆ ಅವನು ನನ್ನ ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತ. "ಸಾರ್, ಒಂದು ಮಾತು. ನನ್ನನ್ನು ಹೊರಗೆ ಕೂರಿಸ್ಬೇಡಿ. ಹೊರಗೆ ಕೂತವನನ್ನು ಧಣಿ ಊರಿಗೆ ಕಳಿಸ್ತಾರೆ. ಊರಲ್ಲಿ ನಾನು ಟೀವಿಯವ. ಟೀವಿಯವನನ್ನು ಬೋಟಿಗೆ ಯಾರು ಕರೀತಾರೆ? ಸೆಲ್ಫಿ ತೆಗೀತಾರೆ, ಹೋಗ್ತಾರೆ. ಮಮತಾ ನನ್ನ ಮುಖ ನೋಡ್ತಾಳೆ. ಹರಾಜಾಗದ ಆ ಒಂದು ವರ್ಷ ನಾನು ನೋಡಿ ಆಗಿದೆ ಸಾರ್. ಇನ್ನೊಂದು ಸಲ ಆಗುದಿಲ್ಲ."

"ತಲೆ ನೋಯ್ತಿದೆಯಾ?"

"ತಲೆ ಇದ್ದ ಮೇಲೆ ನೋಯ್ತದೆ."

ಅವನು ಎಷ್ಟು ಸಲ ಬಿದ್ದ? ನಾನು ಪ್ರತಿ ಸಲವೂ ಕೇಳಿದೆ, ಪ್ರತಿ ಸಲವೂ ಅವನು ಸರಿಯಾಗಿ ಹೇಳಿದ. ವಾಮನ, ಗ್ರೌಂಡು, ಶುಕ್ರವಾರ. ಒಮ್ಮೆಯಂತೂ ನಾನು ಬಾಯಿ ತೆರೆಯುವ ಮುಂಚೆಯೇ ಮೂರನ್ನೂ ಒಟ್ಟಿಗೆ ಹೇಳಿ ಎದ್ದು ಕೂತ. ಅದು ನಮ್ಮೊಳಗಿನ ತಮಾಷೆಯಾಗಿಬಿಟ್ಟಿತ್ತು. ಚಹಾ ಬಿಡುವಿನಲ್ಲಿ ಹುಡುಗರು ಅವನನ್ನು "ವಾಮನಣ್ಣ, ಇವತ್ತು ಏನು ವಾರ?" ಎಂದು ರೇಗಿಸುವರು. "ನಿನ್ನ ಬೊಜ್ಜದ ವಾರ" ಎನ್ನುವನು. ಬೊಜ್ಜವೆಂದರೆ ತುಳುವಿನಲ್ಲಿ ಸತ್ತವರ ಉತ್ತರಕ್ರಿಯೆ.

ಬಹರೈನಿನಲ್ಲಿ ರಜೆ ಶುಕ್ರವಾರ. ನಮ್ಮ ಮದುವೆ ಊಟ, ಪೂಜೆ, ಯಕ್ಷಗಾನ, ಕಬಡ್ಡಿ ಎಲ್ಲವೂ ಶುಕ್ರವಾರವೇ. ಈ ದ್ವೀಪದಲ್ಲಿ ಬೇರೆ ವಾರದಲ್ಲಿ ಕಬಡ್ಡಿ ಆಡಿದ್ದನ್ನು ನಾನು ಕಂಡಿಲ್ಲ. ಅಂದರೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ. ಇದು ನನಗೆ ಹೊಳೆಯಲು ಮೂರು ಚಳಿಗಾಲ ಬೇಕಾಯಿತು. ಅಲ್ಲಿಯವರೆಗೆ ಹೊಳೆಯಲಿಲ್ಲ ಎಂದು ಬರೆಯುತ್ತಿದ್ದೇನೆ. ಹೊಳೆದಿತ್ತೇ, ಸುಮ್ಮನಿದ್ದೆನೇ ಎಂದು ನನ್ನನ್ನೇ ಫಾರಂ ತುಂಬಿಸುವಂತೆ ಕೂರಿಸಿ ಕೇಳಿದರೆ ಆ ಖಾನೆಯನ್ನು ಖಾಲಿ ಬಿಡುತ್ತೇನೆ.

ಇಳಿಜಾರು ಯಾವಾಗ ಶುರುವಾಯಿತು ಎಂದು ಹೇಳಲು ಬರುವುದಿಲ್ಲ. ಗೋದಾಮಿನೊಳಗೆ ಕಪ್ಪು ಕನ್ನಡಕ ಹಾಕತೊಡಗಿದ. ಟ್ಯೂಬ್‌ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದ. ಸ್ಟೈಲು ಎಂದುಕೊಂಡೆವು. ಮೂರನೆಯ ಸಾಲಿನ ಸರಕನ್ನು ಐದನೆಯದರಲ್ಲಿ ಇಡತೊಡಗಿದ. ಸ್ಟಾರ್ ಅಲ್ಲವೇ, ಕೆಲಸದ ಮೇಲೆ ಗಮನವಿಲ್ಲ ಎಂದುಕೊಂಡೆವು. ಒಂದು ದಿನ ರಫೀಕ್ ಕೆಳದುಟಿ ಊದಿಸಿಕೊಂಡು ಬಂದ.

"ಏನಾಯ್ತೋ?"

"ಬಾತ್‌ರೂಮಲ್ಲಿ ಜಾರಿದೆ ಸಾರ್."

ವಾಮನ ಅಲ್ಲೇ, ಕಂಟೇನರಿನ ಬುಡದಲ್ಲಿ, ಅವನದೇ ಭಂಗಿಯಲ್ಲಿ ಕೂತಿದ್ದ. "ಜಾರಿದ್ದಲ್ಲ. ನಾನು ಹೊಡೆದದ್ದು" ಎಂದ. "ಎಂಥಕ್ಕೆ ಹೊಡೆದೆ ಅಂತ ನೆನಪಿಲ್ಲ. ಇವನೂ ಹೇಳುದಿಲ್ಲ. ಹೇಳು ಮಾರಾಯಾ, ಎಂಥಕ್ಕೆ?"

ರಫೀಕ್ ನೆಲ ನೋಡಿದ. "ಚಾಯಕ್ಕೆ ಸಕ್ಕರೆ ಜಾಸ್ತಿ ಆಯ್ತು."

"ಸಕ್ಕರೆಗೆ?" ವಾಮನ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಸಾಮಾನು ತನ್ನ ಚೀಲದಲ್ಲಿ ಸಿಕ್ಕಿದಂತೆ.

ಅದಾದ ಮೇಲೆ ಮಮತಾ ನನಗೆ ಫೋನ್ ಮಾಡಿದಳು. ನಂಬರನ್ನು ರಫೀಕನಿಂದ ತೆಗೆದುಕೊಂಡಿದ್ದಳು. ಅಳಲಿಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ, ಹಿಂದೆ ಯಂತ್ರದ ಸದ್ದು.

"ಸಾರ್, ಇವರು ಮಗಳ ಹತ್ರ ಊಟ ಆಯ್ತಾ ಅಂತ ಒಂದೇ ಫೋನಲ್ಲಿ ಐದು ಸಲ ಕೇಳ್ತಾರೆ. ಅವಳು ಮೊದಲು ನಗ್ತಿದ್ಲು, ಈಗ ಫೋನ್ ನಂಗೆ ಕೊಟ್ಟು ಹೋಗ್ತಾಳೆ. ಮೊನ್ನೆ ನನ್ನನ್ನು ಅಕ್ಕ ಅಂತ ಕರೆದ್ರು. ಅಲ್ಲಿ ಅವರಿಗೆ ಎಂಥ ಆಗ್ತಾ ಉಂಟು ಸಾರ್?"

"ಕೆಲಸ ಜಾಸ್ತಿಯಮ್ಮ. ಬಿಸಿಲೂ ಜಾಸ್ತಿ. ಸುಸ್ತಾಗಿರ್ತಾನೆ."

"ನೀವು ನೋಡ್ಕೊಳ್ತೀರಿ ಅಂತ ಹೇಳ್ತಾರೆ. ಪ್ರತಿ ಪಂದ್ಯದಲ್ಲೂ ನೀವು ಬಂದು ವಿಚಾರಿಸ್ತೀರಿ ಅಂತ."

ಹೌದು ಎಂದೆ.

ಕೊನೆಯ ಪಂದ್ಯದಲ್ಲಿ ಅವನಿಗೆ ಬಿದ್ದ ಪೆಟ್ಟು ದೊಡ್ಡದೇನಲ್ಲ. ಡ್ಯಾಶ್ ಕೊಡಲು ಹೋದ, ರೇಡರ್ ಪಕ್ಕಕ್ಕೆ ಸರಿದ, ಇವನು ಮ್ಯಾಟಿನ ಅಂಚಿಗೆ ಮುಖ ಕೆಳಗಾಗಿ ಬಿದ್ದ. ಸೊಂಟ ನೋಡು ಎನ್ನುತ್ತಿದ್ದವನು ಎಲ್ಲಿ ನೋಡುತ್ತಿದ್ದನೋ. ನಾನು ಹೋಗಿ ಕೇಳಿದೆ. ವಾಮನ, ಗ್ರೌಂಡು, ಶುಕ್ರವಾರ. ಹೆಬ್ಬೆರಳು ಎತ್ತಿದೆ. ನಮ್ಮ ತಂಡ ಸೋತಿತು. ಆ ಸಲ ಅದ್ಲಿಯಾದ ಹೋಟೆಲಿಗೆ ಯಾರೂ ಹೋಗಲಿಲ್ಲ.

ಆಮೇಲಿನ ಮಂಗಳವಾರ, ಬೆಳಗಿನ ಸರಕು ಇಳಿಯುವ ಹೊತ್ತು. ಗೋದಾಮಿನ ಎರಡು ರ‍್ಯಾಕುಗಳ ನಡುವಿನ ಹಾದಿಯಲ್ಲಿ ಫೋರ್ಕ್‌ಲಿಫ್ಟಿಗೆಂದು ಹಳದಿ ಗೆರೆ ಎಳೆದಿದ್ದೇವೆ. ಗೆರೆಯೊಳಗೆ ಮನುಷ್ಯರು ಕಾಲಿಡಬಾರದು. ಫೋರ್ಕ್‌ಲಿಫ್ಟಿನವನು ಪೆಟ್ಟಿಗೆಗಳ ರಾಶಿ ಎತ್ತಿಕೊಂಡು ತಿರುವಿನಲ್ಲಿ ಬಂದಾಗ ಗೆರೆಗೆ ತಾಗಿಕೊಂಡೇ ವಾಮನ ಕೂತಿದ್ದ. ಮೊಣಕಾಲು ಎತ್ತಿ, ಕೈ ಹೆಣೆದು. ಬ್ರೇಕಿನ ಕೀರಲಿಗೆ ನಾನು ಆಫೀಸಿನಿಂದ ಓಡಿ ಬಂದೆ. ಕಬ್ಬಿಣದ ಎರಡು ಹಲ್ಲುಗಳು ಅವನ ಮುಖಕ್ಕೆ ಒಂದು ಮೊಳ ದೂರದಲ್ಲಿ ನಿಂತಿದ್ದವು. ಅವನು ಅವನ್ನು ನೋಡುತ್ತಲೂ ಇರಲಿಲ್ಲ.

"ವಾಮನ, ಏಳೋ. ಏನ್ ಮಾಡ್ತಿದ್ದೀಯ ಇಲ್ಲಿ?"

"ನನ್ನದು ಔಟ್ ಸಾರ್."

ಅಭ್ಯಾಸಬಲ. ನಾನು ಮಂಡಿಯೂರಿ ಕೇಳಿಬಿಟ್ಟೆ. "ಎಲ್ಲಿದ್ದೀಯ?"

"ಗ್ರೌಂಡಲ್ಲಿ."

"ಇವತ್ತು ಏನ್ ವಾರ?"

"ಶುಕ್ರವಾರ" ಎಂದ. ಎಂದಿನ ಹಾಗೇ, ಸ್ವಲ್ಪ ಬೇಸರದಿಂದ, ಇಷ್ಟು ಸುಲಭದ್ದನ್ನು ಕೇಳುತ್ತಾರಲ್ಲ ಎಂಬಂತೆ. "ಮತ್ತೆ ಎಂಥ?"

ಹಿಂದೆ ನಿಂತ ಹುಡುಗರಲ್ಲಿ ಒಬ್ಬ ನಗಲು ಶುರುಮಾಡಿ ನಿಲ್ಲಿಸಿದ.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು. ಡಾಕ್ಟರು ಎಳೆಯ ಹೆಣ್ಣುಮಗಳು, ಮಲಯಾಳಿ, ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ಇದು ಒಂದು ಪೆಟ್ಟಿನ ಗಾಯವಲ್ಲ, ಬಹಳ ವರ್ಷಗಳ ಪೆಟ್ಟು. ಹೋದದ್ದು ಹೋಯಿತು, ಇನ್ನೂ ಹೋಗುತ್ತದೆ, ತಡೆಯುವ ಔಷಧ ನನ್ನ ಹತ್ತಿರ ಇಲ್ಲ. ಆಮೇಲೆ ಪೆನ್ನು ಎತ್ತಿಕೊಂಡು ಕೇಳಿದಳು: ಆಡುವಾಗ ತಲೆಗೆ ತಾಗಿದರೆ ಯಾರಾದರೂ ಪರೀಕ್ಷೆ ಮಾಡುತ್ತಿದ್ದರೇ?

"ಗೊತ್ತಿಲ್ಲ" ಎಂದೆ.

ಕಾರಿಡಾರಿನ ಕುರ್ಚಿಗಳೆಲ್ಲ ಖಾಲಿ ಇದ್ದವು. ವಾಮನ ನೆಲದ ಮೇಲೆ ಕೂತು ನಮ್ಮಿಬ್ಬರನ್ನು ನೋಡುತ್ತಿದ್ದ.

ಅವನಿಗೆ ಹೀಗಾಗಲು ಶುರುವಾದದ್ದು ಇಲ್ಲಲ್ಲ, ಊರಿನಲ್ಲೇ ಆಗಿರಬೇಕು ಎಂಬುದಕ್ಕೆ ನನಗೊಂದು ಸಾಕ್ಷಿ ಬೇಕಿತ್ತು. ಹಾಗಾಗಿ ಮನೆಗೆ ಬಂದು ಆ ಹನ್ನೊಂದು ಸೆಕೆಂಡುಗಳ ಪೂರ್ತಿ ಪಂದ್ಯವನ್ನು ಹುಡುಕಿದೆ. ಸಿಕ್ಕಿತು. ಡ್ಯಾಶ್ ಆಗುತ್ತದೆ, ರೇಡರ್ ಹಾರುತ್ತಾನೆ, ಜನ ಕೂಗುತ್ತಾರೆ. ಹುಡುಗರ ಫೋನಿನಲ್ಲಿ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮುಗಿಯಲಿಲ್ಲ. ವಾಮನ ಎದ್ದ. ಸುತ್ತ ನೋಡಿದ. ತಂಡದವರು ಅಪ್ಪಿಕೊಳ್ಳಲು ಬರುತ್ತಿದ್ದಂತೆ ಅವರನ್ನು ದಾಟಿ, ನಡುಗೆರೆ ದಾಟಿ, ಎದುರಾಳಿಗಳ ಅಂಕಣದ ಹಿಂದೆ ಹೋಗಿ, ಅವರ ಔಟಾದ ಆಟಗಾರರ ಸಾಲಿನ ಕೊನೆಯಲ್ಲಿ ಮೊಣಕಾಲು ಎತ್ತಿಕೊಂಡು ಕೂತ. ಅವನು ಔಟಾಗಿರಲೇ ಇಲ್ಲ. ಆ ಪಂದ್ಯದ ವೀರ ಅವನು. ಕಾಮೆಂಟರಿಯವರು ಹೊಟ್ಟೆ ಹಿಡಿದು ನಕ್ಕರು. ವೈರಿಯ ಮನೆಯಲ್ಲೇ ಹೋಗಿ ಕೂತ ನೋಡಿ ಎಂದರು. ನಾಯಕ ಬಂದು ಕೈ ಹಿಡಿದು ಎಳೆದುಕೊಂಡು ಹೋದ. ಉಳಿದ ಪಂದ್ಯವನ್ನು ವಾಮನ ಪೂರ್ತಿ ಆಡಿದ. ಇನ್ನೂ ಎರಡು ಡ್ಯಾಶ್ ಕೊಟ್ಟ.

ಸಾಕ್ಷಿ ಸಿಕ್ಕಿತು. ನನಗೆ ಹಗುರಾಗಬೇಕಿತ್ತು. ನೋಡಿದವರಲ್ಲಿ ನಾನು ಮೊದಲನೆಯವನಲ್ಲ ಎಂದಷ್ಟೇ ಆಯಿತು. ಆದರೆ ಕೈಯಲ್ಲಿ ಕಾರ್ಡು ಇದ್ದವನು ನಾನೊಬ್ಬನೇ.

ಧಣಿಯ ಹತ್ತಿರ ಹೋದೆ. ಇಲ್ಲೇ ಏನಾದರೂ ಹಗುರ ಕೆಲಸ, ಗೇಟಿನಲ್ಲಿ ಕೂರುವುದು, ಚೀಟಿ ಹರಿಯುವುದು ಕೊಡಲಾಗದೇ ಎಂದೆ. ಅವರು ಮೇಜಿನ ಮೇಲಿನ ಟ್ರೋಫಿಗಳನ್ನು ನೋಡಿದರು.

"ಅವ ಎಲ್ಲಿ ಕೂತ್ಕಂತ ಅಂತ ಯಾರು ಕಾಯೂದು ಮಾರಾಯ್ರೆ? ನಾಳೆ ಲಾರಿ ಅಡಿಗೆ ಕೂತ್ರೆ? ಊರಲ್ಲಿ ಹೆಂಡತಿ ಇತ್ತ್, ನೋಡ್ಕಂತ್ಲ್. ಟಿಕೆಟ್ ನಾನ್ ತೆಗೂತೆ." ಆಮೇಲೆ, ದನಿ ಏರಿಸದೆ ಹೇಳಿದರು: "ನಂಗೆ ಎಂತ ಗೊತ್ತಿತ್ ಹೇಳಿ. ಪ್ರತಿ ಸಲ ಹೆಬ್ಬೆಟ್ಟ್ ಎತ್ತದ್ದ್ ನೀವಲ್ದಾ?"

ಗೋದಾಮಿನ ಫಾರಂನಲ್ಲಿ ಮೂಲ ಕಾರಣ ಎಂಬ ಖಾನೆಯಿದೆ. ಅದರಲ್ಲಿ ನಾನು ಬರೆದದ್ದು ತಲೆಸುತ್ತು, ಬಿಸಿಲಿನ ಝಳ ಎಂದು. ಗೋದಾಮಿಗೆ ಏಸಿ ಇದೆ. ಯಾರೂ ಕೇಳಲಿಲ್ಲ. ವಾಮನ ಹೊರಡುವ ಮೊದಲೇ ಹರಿಯಾಣದಿಂದ ಹೊಸ ಕವರ್ ಆಟಗಾರ ಬಂದಿಳಿದಿದ್ದ. ಅದೇ ನಂಬರಿನ ಜೆರ್ಸಿ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ನಾನು ಹೆಲ್ಮೆಟ್ ಕೊಟ್ಟೆ, ಸರಿಯಾಗಿ ಕೂತಿತು.

ಇನ್ನು ಕೊನೆಯ ದಿನ. ಅದನ್ನು ನಾನು ಹಲವರಿಗೆ ಹೇಳಿದ್ದೇನೆ, ಹೇಳುತ್ತ ಹೇಳುತ್ತ ಅದು ನುಣುಪಾಗಿದೆ.

ಶುಕ್ರವಾರ. ರಸ್ತೆ ಖಾಲಿ. ರಫೀಕ್ ಮತ್ತು ನಾನು ಅವನನ್ನು ಹೂರಾದಿಂದ ಕರೆದುಕೊಂಡು ಸೇತುವೆ ದಾಟಿ ಮುಹರ್ರಕ್‌ನ ವಿಮಾನ ನಿಲ್ದಾಣಕ್ಕೆ ಹೋದೆವು. ಅದೇ ವಿಮಾನಕ್ಕೆ ಹೊರಟಿದ್ದ ಮೂಲ್ಕಿಯ ಒಬ್ಬರು ಅವನ ಜೊತೆಗಿರಲು ಒಪ್ಪಿದ್ದರು. ಅವರು ಕಾಗದಪತ್ರ ತೋರಿಸಿ ಬರುವವರೆಗೆ ವಾಮನ ಒಂದು ಕಂಬದ ಬುಡದಲ್ಲಿ ಕೂತ. ನಾನು ಪಕ್ಕದಲ್ಲಿ ಕೂತೆ.

"ನನ್ನ ಮುಂದೆ ಎಷ್ಟು ಜನ ಉಂಟು ಸಾರ್?"

"ಯಾರೂ ಇಲ್ಲ. ನೀನೇ ಮೊದಲು."

ಅವನು ಎರಡೂ ಅಂಗೈಗಳನ್ನು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ, ತಯಾರಾದ. ಮೂಲ್ಕಿಯವರು ಬಂದು ಏಳಿ ಎಂದರೆ ಏಳಲಿಲ್ಲ. "ಇನ್ನೂ ಪಾಯಿಂಟ್ ಬರ್ಲಿಲ್ಲ" ಎಂದ. ಆಗ ನಾನು ಎದ್ದು ನಿಂತು, ಅಂಪೈರ್ ಪಾಯಿಂಟ್ ಕೊಡುವಂತೆ, ಒಂದು ಬೆರಳನ್ನು ಅವನ ಕಡೆಗೆ ಎತ್ತಿದೆ. ಅವನು ಎದ್ದ. ಪಾಸ್‌ಪೋರ್ಟ್ ನೋಡುವ ಕಡೆಗೆ ಚುರುಕಾಗಿ ನಡೆದ. ಒಳಗೆ ಹೋಗುವ ಗೆರೆಯ ಬಳಿ ಬಗ್ಗಿ, ನೆಲ ಮುಟ್ಟಿ, ಹಣೆಗೆ ಒತ್ತಿಕೊಂಡ. ತಿರುಗಿ ನೋಡಲಿಲ್ಲ.

ಹೀಗೆ ನಾನು ಹೇಳುತ್ತಿದ್ದೆ. ಮೊನ್ನೆ ಗೋದಾಮಿನ ಹಿಂದೆ ಹೊಸ ಹುಡುಗನಿಗೆ ಇದನ್ನೇ ಹೇಳುತ್ತಿದ್ದಾಗ ರಫೀಕ್ ಅಲ್ಲಿದ್ದ. ಹುಡುಗ ಹೋದ ಮೇಲೆ ಹೇಳಿದ:

"ಸಾರ್, ನೀವು ಒಳಗೆ ಬರ್ಲೇ ಇಲ್ಲ."

"ಅಂದ್ರೆ?"

"ಕಾರಲ್ಲೇ ಕೂತಿದ್ರಿ. ನಂಗೆ ನೋಡ್ಲಿಕ್ಕೆ ಆಗುದಿಲ್ಲ ನೀನೇ ಬಿಟ್ಟು ಬಾ ಅಂದ್ರಿ. ಎಷ್ಟು ಜನ ಉಂಟು ಅಂತ ಅವ ಕೇಳಿದ್ದು ನನ್ನ ಹತ್ರ. ನಾನು ಎಂಥ ಹೇಳುದು ಅಂತ ಗೊತ್ತಾಗದೆ ಗೊತ್ತಿಲ್ಲ ವಾಮನಣ್ಣ ಅಂದೆ. ಅವ ಏಳ್ಲೇ ಇಲ್ಲ. ಬೆರಳು ಎತ್ತಬಹುದಿತ್ತು ಅಂತ ಆಮೇಲೆ ಕಾರಲ್ಲಿ ಹೇಳಿದ್ದು ನೀವು. ಕಡೆಗೆ ಗಾಲಿಕುರ್ಚಿ ತರಿಸಿದ್ರು. ಇಬ್ಬರು ಎತ್ತಿ ಕೂರಿಸಿದ್ರು. ಅವ ಕೈ ಕೆಳಗೆ ಚಾಚ್ತಾ ಇದ್ದ, ನೆಲ ಮುಟ್ಲಿಕ್ಕೆ. ಕುರ್ಚಿ ಎತ್ತರ ಉಂಟಲ್ಲ, ಸಿಗ್ಲಿಲ್ಲ."

ನನಗೆ ಆ ಕಂಬ ನೆನಪಿದೆ. ನೆಲದ ತಂಪು ನೆನಪಿದೆ. ಎತ್ತಿದ ಬೆರಳು ನೆನಪಿದೆ. ನಾನು ವಾದಿಸಲಿಲ್ಲ. ಏನಾದರೂ ಒಂದು ಸರಿಯಿರಲಿ ಎಂದು, "ಶುಕ್ರವಾರವಂತೂ ಹೌದಲ್ಲ" ಎಂದೆ.

ರಫೀಕ್ ನನ್ನ ಮುಖವನ್ನೇ ನೋಡಿದ. ವಾಮನ ಬಿದ್ದಾಗ ನಾನು ಬಗ್ಗಿ ನೋಡುತ್ತಿದ್ದೆನಲ್ಲ, ಹಾಗೆ.

"ಬುಧವಾರ ಸಾರ್" ಎಂದ. "ನಾನು ರಜೆ ಹಾಕಿ ಬಂದದ್ದು. ರಜೆ ಚೀಟಿಗೆ ಸೈನ್ ಮಾಡಿದ್ದು ನೀವೇ."